ಹೃದಯದೊಳಗೆ ಮಕ್ಕಳನ್ನು ನಡೆಸಿದಾಗ: ರಕ್ತದ ದಾರಿಯನ್ನು ನಾನು ಕಲಿಸುವ ಬಗೆ

ಹೈಸ್ಕೂಲ್ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವುದು ನನ್ನ ಕೆಲಸ. ರಕ್ತಪರಿಚಲನೆ ಒಂದು ಪಾಠ, ಸಂತಾನೋತ್ಪತ್ತಿ ಇನ್ನೊಂದು ಪಾಠ. ಪುಸ್ತಕದಲ್ಲಿ ಇವೆರಡೂ ದೂರ ದೂರ ಇರುತ್ತವೆ. ನಾನು ಬೇಕೆಂದೇ ಇವನ್ನು ಒಟ್ಟಿಗೆ ತರುತ್ತೇನೆ. ಹುಟ್ಟುವ ಮೊದಲು ಹೃದಯ ಹೇಗೆ ಕೆಲಸ ಮಾಡುತ್ತಿತ್ತು ಅಂತ ಗೊತ್ತಾದ ಮೇಲೇ ಈಗಿನ ಹೃದಯ ಮಕ್ಕಳಿಗೆ ಸರಿಯಾಗಿ ಅರ್ಥವಾಗುತ್ತದೆ. ಇದು ನನ್ನ ಗಟ್ಟಿ ನಂಬಿಕೆ.

ಹೃದಯದ ಚಿತ್ರ ಬರೆಯಿರಿ ಅಂದರೆ ಮಕ್ಕಳು ಚೆಂದವಾಗಿ ಬರೆಯುತ್ತಾರೆ. ಒಂದು ಕಡೆ ಕೆಂಪು, ಒಂದು ಕಡೆ ನೀಲಿ, ಬಾಣದ ಗುರುತು, ಹೆಸರು ಎಲ್ಲಾ ಸರಿ. ಆದರೆ ಎಡ ಹೃತ್ಕುಕ್ಷಿಯ, ಅಂದರೆ ಹೃದಯದ ಕೆಳಗಿನ ಎಡ ಕೋಣೆಯ, ಗೋಡೆ ಯಾಕೆ ಅಷ್ಟು ದಪ್ಪ ಅಂತ ಕೇಳಿದರೆ ಸುಮ್ಮನಾಗುತ್ತಾರೆ. ಚಿತ್ರ ಬಾಯಿಪಾಠ ಆಗಿರುತ್ತದೆ, ದಾರಿ ಗೊತ್ತಿರುವುದಿಲ್ಲ. ಅದಕ್ಕೇ ನಾನು ಮಕ್ಕಳನ್ನೇ ಆ ದಾರಿಯಲ್ಲಿ ನಡೆಸುತ್ತೇನೆ.

ಬೆಂಚುಗಳನ್ನು ಗೋಡೆಗೆ ಸರಿಸಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ಕೋಣೆ ಬರೆಯುತ್ತೇವೆ. ಮೇಲೆ ಎರಡು ಹೃತ್ಕರ್ಣ, ಕೆಳಗೆ ಎರಡು ಹೃತ್ಕುಕ್ಷಿ. ಸ್ವಲ್ಪ ದೂರದಲ್ಲಿ ಶ್ವಾಸಕೋಶದ ಚೌಕ, ಇನ್ನೂ ದೂರದಲ್ಲಿ ದೇಹದ ಚೌಕ. ಪ್ರತಿ ಮಗುವಿನ ಕೈಯಲ್ಲಿ ಒಂದು ಕಾರ್ಡ್, ಒಂದು ಮುಖ ಕೆಂಪು, ಇನ್ನೊಂದು ನೀಲಿ. ಶ್ವಾಸಕೋಶದಲ್ಲಿ ಕೆಂಪಿಗೆ ತಿರುಗಿಸಬೇಕು, ದೇಹದಲ್ಲಿ ನೀಲಿಗೆ. ರಕ್ತ ಯಾವತ್ತೂ ನೀಲಿ ಇರುವುದಿಲ್ಲ, ಆಮ್ಲಜನಕ ಕಡಿಮೆಯಾದಾಗ ಕಡುಗೆಂಪು ಆಗುತ್ತದೆ ಅಷ್ಟೇ ಅಂತ ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಆ ನೀಲಿ ತಲೆಯಲ್ಲೇ ಉಳಿದುಬಿಡುತ್ತದೆ.

ಕವಾಟಗಳ ಜಾಗದಲ್ಲಿ ಇಬ್ಬಿಬ್ಬರು ಮಕ್ಕಳು ಕೈ ಚಾಚಿ ನಿಲ್ಲುತ್ತಾರೆ. ಮುಂದೆ ಹೋಗುವವರಿಗೆ ಮಾತ್ರ ಕೈ ತೆರೆಯಬೇಕು, ವಾಪಸ್ ಬರುವವರನ್ನು ತಡೆಯಬೇಕು. ನಾನು ಚಪ್ಪಾಳೆ ತಟ್ಟಿದಂತೆ ಎಲ್ಲರೂ ಒಂದೊಂದು ಕೋಣೆ ದಾಟುತ್ತಾರೆ: ದೇಹದಿಂದ ಬಲ ಹೃತ್ಕರ್ಣ, ಬಲ ಹೃತ್ಕುಕ್ಷಿ, ಶ್ವಾಸಕೋಶ, ಅಲ್ಲಿಂದ ಎಡ ಹೃತ್ಕರ್ಣ, ಎಡ ಹೃತ್ಕುಕ್ಷಿ, ಮತ್ತೆ ದೇಹ.

ಆಮೇಲೆ ಒಂದು ಪ್ರಶ್ನೆ: ಎಡಗಡೆ ಜಾಸ್ತಿ ರಕ್ತ ತಳ್ಳುತ್ತಾ, ಬಲಗಡೆ ಜಾಸ್ತಿ ತಳ್ಳುತ್ತಾ? ಹೆಚ್ಚಿನವರು ಎಡಗಡೆ ಅನ್ನುತ್ತಾರೆ, ಗೋಡೆ ದಪ್ಪ ಅಲ್ವಾ. ಆಗ ಎಡಗಡೆಯ ಕವಾಟದವರಿಗೆ ಮಾತ್ರ ‘ನಿಧಾನ ಬಿಡಿ’ ಅನ್ನುತ್ತೇನೆ. ನೋಡುನೋಡುತ್ತಿದ್ದಂತೆ ಶ್ವಾಸಕೋಶದ ಚೌಕದಲ್ಲಿ ನೂಕುನುಗ್ಗಲು ಶುರು. ಎರಡೂ ಕಡೆ ಒಂದೇ ಪ್ರಮಾಣದಲ್ಲಿ ಹೋಗಲೇಬೇಕು ಅಂತ ಅವರಿಗೇ ಗೊತ್ತಾಗುತ್ತದೆ. ದೊಡ್ಡವರಲ್ಲಿ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್, ವಿಶ್ರಾಂತಿಯಲ್ಲಿದ್ದಾಗ ನಿಮಿಷಕ್ಕೆ ಸುಮಾರು 5 ಲೀಟರ್, ಎರಡೂ ಕಡೆ. ಬೇರೆಯಾಗುವುದು ಒತ್ತಡ ಮಾತ್ರ. ಎಡಗಡೆ ಇಡೀ ದೇಹಕ್ಕೆ ತಳ್ಳಬೇಕು, ಅಲ್ಲಿ ಒತ್ತಡ ಪಾದರಸದ 120 ಮಿಲಿಮೀಟರ್ ತನಕ ಏರುತ್ತದೆ. ಬಲಗಡೆ ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ಕಳಿಸಿದರೆ ಸಾಕು, 25ರ ಆಸುಪಾಸು. ಎಡ ಹೃದಯ ಸೋತವರಿಗೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟುವುದು ಯಾಕೆ ಅನ್ನುವುದಕ್ಕೂ ಆ ನೂಕುನುಗ್ಗಲೇ ಉತ್ತರ.

ಇಷ್ಟು ಕಾಲಿಗೆ ರೂಢಿಯಾದ ಮೇಲೆ ಕೇಳುತ್ತೇನೆ: ‘ತಾಯಿಯ ಹೊಟ್ಟೆಯಲ್ಲಿರುವ ಮಗುವಿಗೆ ಈ ದಾರಿ ಸರಿಹೋಗುತ್ತಾ?’ ಅಲ್ಲಿ ಶ್ವಾಸಕೋಶದ ತುಂಬ ದ್ರವ. ಮಗು ಎದೆ ಆಡಿಸುತ್ತದೆ ನಿಜ, ಆದರೆ ಗಾಳಿ ಇಲ್ಲ. ಹಾಗಾದರೆ ಕಾರ್ಡ್ ಎಲ್ಲಿ ತಿರುಗಿಸುವುದು?

ಜರಾಯು ಅಂದರೆ ಗರ್ಭದಲ್ಲಿ ಮಗುವನ್ನು ತಾಯಿಗೆ ಜೋಡಿಸುವ ಅಂಗ (ಪ್ಲಾಸೆಂಟಾ). ಅದರ ಚೌಕವನ್ನು ದೂರದಲ್ಲಿ ಬರೆದು, ಅಲ್ಲಿಂದ ಮೂರು ಗೆರೆ ಎಳೆಯುತ್ತೇವೆ. ಹೊಕ್ಕುಳಬಳ್ಳಿಯಲ್ಲಿ ಎರಡು ಅಪಧಮನಿ, ಒಂದು ಅಭಿಧಮನಿ. ಇಲ್ಲಿ ಕೆಂಪು ಕಾರ್ಡ್ ಬರುವುದು ಅಭಿಧಮನಿಯಲ್ಲಿ! ಅಪಧಮನಿ ಅಂದರೆ ಆಮ್ಲಜನಕ ಇರುವ ರಕ್ತ ಅಂತ ಬಾಯಿಪಾಠ ಮಾಡಿದವರು ಜಗಳಕ್ಕೇ ಬರುತ್ತಾರೆ. ಹೃದಯದಿಂದ ಹೊರಗೆ ಒಯ್ಯುವುದು ಅಪಧಮನಿ, ಹೃದಯಕ್ಕೆ ತರುವುದು ಅಭಿಧಮನಿ. ನಡೆದು ನೋಡಿದರೆ ಆ ಜಗಳ ಅಲ್ಲೇ ಮುಗಿಯುತ್ತದೆ.

ಜರಾಯುವಿನ ಚೌಕದ ನಡುವೆ ಒಂದು ಹಗ್ಗ ಕಟ್ಟಿ, ಆ ಕಡೆ ನಾಲ್ಕೈದು ಮಕ್ಕಳನ್ನು ತಾಯಿಯ ರಕ್ತವಾಗಿ ನಿಲ್ಲಿಸುತ್ತೇನೆ. ಹಗ್ಗದ ಮೇಲಿಂದ ಕಾರ್ಡ್ ಬದಲಾಯಿಸಬಹುದು, ಹಗ್ಗ ದಾಟುವ ಹಾಗಿಲ್ಲ. ತಾಯಿಯ ರಕ್ತವೇ ಮಗುವಿನ ಮೈಯಲ್ಲಿ ಹರಿಯುತ್ತದೆ ಅಂತ ಎಷ್ಟೋ ಜನ ದೊಡ್ಡವರೂ ನಂಬಿದ್ದಾರೆ. ಹಾಗಲ್ಲ. ನಡುವೆ ತೆಳುವಾದ ಪದರ ಇದೆ. ಅದರ ಮೂಲಕ ಆಮ್ಲಜನಕ, ಗ್ಲೂಕೋಸ್ ಮಗುವಿಗೆ ಹೋಗುತ್ತವೆ, ಇಂಗಾಲದ ಡೈಆಕ್ಸೈಡ್ ಮತ್ತು ಯೂರಿಯಾ ತಾಯಿಯ ಕಡೆ ಬರುತ್ತವೆ. ಮಗುವಿನ ಹಿಮೋಗ್ಲೋಬಿನ್ ಆಮ್ಲಜನಕವನ್ನು ತಾಯಿಯದ್ದಕ್ಕಿಂತ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಆಮ್ಲಜನಕ ಮಗುವಿನ ಕಡೆ ದಾಟಲು ಅದು ನೆರವಾಗುತ್ತದೆ. ಮದ್ಯ, ನಿಕೋಟಿನ್, ಸಿಗರೇಟ್ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಕೂಡ ಇದೇ ಪದರ ದಾಟುತ್ತವೆ ಅಂದಾಗ ತರಗತಿ ಗಂಭೀರವಾಗುತ್ತದೆ. ಬಳ್ಳಿ ಕತ್ತರಿಸಿದರೆ ಮಗುವಿಗೆ ನೋವಾಗುತ್ತಾ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಇಲ್ಲ, ಅದರಲ್ಲಿ ನೋವು ತಿಳಿಸುವ ನರಗಳಿಲ್ಲ. ಸಂತಾನೋತ್ಪತ್ತಿ ಅಂದ ಕೂಡಲೇ ಕಿಸಿಕಿಸಿ ನಗುವ ಮಕ್ಕಳು ಇಲ್ಲಿ ಇಷ್ಟು ನೇರವಾಗಿ ಪ್ರಶ್ನೆ ಕೇಳುವುದು ನನಗೆ ತುಂಬ ಖುಷಿ ಕೊಡುತ್ತದೆ.

ಈಗ ಹೃದಯದಲ್ಲಿ ಎರಡು ಅಡ್ಡದಾರಿ ಬರೆಯಬೇಕು. ಹೃತ್ಕರ್ಣಗಳ ನಡುವಿನ ಗೆರೆಯಲ್ಲಿ ಒಂದು ಕಿಂಡಿ, ಅದು ಫೊರಾಮೆನ್ ಓವೇಲ್. ಶ್ವಾಸಕೋಶದ ಅಪಧಮನಿಯಿಂದ ನೇರ ಮಹಾಪಧಮನಿಗೆ (ಎಡ ಹೃತ್ಕುಕ್ಷಿಯಿಂದ ದೇಹಕ್ಕೆ ರಕ್ತ ಒಯ್ಯುವ ದೊಡ್ಡ ನಾಳಕ್ಕೆ) ಒಂದು ಕೊಳವೆ, ಅದು ಡಕ್ಟಸ್ ಆರ್ಟೀರಿಯೋಸಸ್. ಜರಾಯುವಿನಿಂದ ಬಂದ ಕೆಂಪು ಕಾರ್ಡಿನವರಲ್ಲಿ ಹೆಚ್ಚಿನವರು ಕಿಂಡಿ ದಾಟಿ ಎಡಕ್ಕೆ ಬಂದು ಮಹಾಪಧಮನಿ ಸೇರುತ್ತಾರೆ. ಮೇಲಿನ ದೇಹದಿಂದ ಬಂದ ನೀಲಿ ಕಾರ್ಡಿನವರಲ್ಲಿ ಹೆಚ್ಚಿನವರು ಬಲ ಹೃತ್ಕುಕ್ಷಿಗೆ ಇಳಿದು ಕೊಳವೆ ಹಿಡಿಯುತ್ತಾರೆ. ಶ್ವಾಸಕೋಶಕ್ಕೆ ಹೋಗುವವರು ಸ್ವಲ್ಪವೇ ಜನ, ಅದು ಬೆಳೆಯಬೇಕಲ್ಲ, ಅಷ್ಟಕ್ಕೆ ಬೇಕಾದಷ್ಟು. ಆ ಕೊಳವೆ ಮಹಾಪಧಮನಿಯನ್ನು ಸೇರುವ ಜಾಗ ಮಾತ್ರ ಎಲ್ಲರೂ ಬಗ್ಗಿ ನೋಡಬೇಕು. ತಲೆಗೆ ಹೋಗುವ ಕವಲುಗಳು ಅದಕ್ಕೂ ಮೊದಲೇ ಒಡೆದಿರುತ್ತವೆ. ಹಾಗಾಗಿ ಹೆಚ್ಚು ಆಮ್ಲಜನಕ ಇರುವ ರಕ್ತ ಮಿದುಳಿಗೆ ಸಿಗುತ್ತದೆ, ಬೆರಕೆಯಾದದ್ದು ಕೆಳಗೆ ಹೋಗುತ್ತದೆ. ಇದನ್ನು ಹೇಳುವಾಗ ಪ್ರತಿ ಸಲವೂ ನನಗೇ ರೋಮಾಂಚನವಾಗುತ್ತದೆ.

ಇದೆಲ್ಲಾ ಯಾವಾಗ ಶುರುವಾಗುತ್ತದೆ ಅಂತ ಕೇಳುವವರಿಗೆ ಇಷ್ಟು ಹೇಳುತ್ತೇನೆ: ಗರ್ಭ ಕಟ್ಟಿದ ಸುಮಾರು 22ನೇ ದಿನಕ್ಕೆ ಹೃದಯ ಮಿಡಿಯತೊಡಗುತ್ತದೆ. ಆಗ ಅದು ಬರೀ ಒಂದು ಕೊಳವೆ. ಕೋಣೆಗಳು ಆಮೇಲೆ ಮೂಡುತ್ತವೆ.

ಇನ್ನು ಹೆರಿಗೆ. ನಾನು ‘ಉಸಿರು!’ ಅನ್ನುತ್ತೇನೆ. ಶ್ವಾಸಕೋಶದ ಬಾಗಿಲಿನವರು ಕೈ ಅಗಲಿಸುತ್ತಾರೆ, ಗುಂಪು ಅತ್ತ ನುಗ್ಗುತ್ತದೆ. ಅಲ್ಲಿಂದ ಎಲ್ಲರೂ ಎಡ ಹೃತ್ಕರ್ಣಕ್ಕೆ ಬಂದು ತುಂಬಿಕೊಳ್ಳುತ್ತಾರೆ. ಅದೇ ಹೊತ್ತಿಗೆ ಒಬ್ಬರು ಜರಾಯುವಿನ ಗೆರೆಗಳನ್ನು ಅಳಿಸುತ್ತಾರೆ. ಎಡಗಡೆ ಒತ್ತಡ ಏರಿತು, ಬಲಗಡೆ ಇಳಿಯಿತು. ಕಿಂಡಿಗೆ ಎಡಬದಿಯಲ್ಲಿ ಒಂದು ತೆಳು ಪರದೆ ಇದೆ, ಅದು ಗೋಡೆಗೆ ಒತ್ತಿಕೊಂಡು ಮುಚ್ಚಿಕೊಳ್ಳುತ್ತದೆ. ಯಾರೂ ಬಂದು ಮುಚ್ಚಬೇಕಿಲ್ಲ. ಆಮ್ಲಜನಕ ಹೆಚ್ಚಾದ ಕೂಡಲೇ ಡಕ್ಟಸ್ ಆರ್ಟೀರಿಯೋಸಸ್ ಕೊಳವೆಯೂ ಬಿಗಿಯಾಗತೊಡಗುತ್ತದೆ. ಸಾಮಾನ್ಯವಾಗಿ ಎರಡು ಮೂರು ದಿನದೊಳಗೆ ರಕ್ತ ಹರಿಯುವುದು ನಿಲ್ಲುತ್ತದೆ, ಕೆಲವು ವಾರಗಳಲ್ಲಿ ಅದೊಂದು ನಾರಿನ ಎಳೆಯಾಗುತ್ತದೆ. ಕಿಂಡಿ ಮಾತ್ರ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಪೂರ್ತಿ ಅಂಟಿಕೊಂಡಿರುವುದಿಲ್ಲ, ಬಹುತೇಕರಿಗೆ ಅದು ಗೊತ್ತೂ ಆಗುವುದಿಲ್ಲ.

ಮೊದಲ ಉಸಿರು ಅಷ್ಟು ಸುಲಭ ಅಲ್ಲ ಅನ್ನುವುದನ್ನೂ ಹೇಳಲೇಬೇಕು. ಒದ್ದೆ ಗಾಳಿಚೀಲಗಳು ಕುಸಿಯದಂತೆ ಸರ್ಫ್ಯಾಕ್ಟಂಟ್ ಅನ್ನುವ ಜಿಡ್ಡು ಪದಾರ್ಥ ಕಾಯುತ್ತದೆ. ತುಂಬ ಬೇಗ ಹುಟ್ಟಿದ ಮಕ್ಕಳಲ್ಲಿ ಅದು ಸಾಕಷ್ಟು ಇರುವುದಿಲ್ಲ. ಅವರ ಉಸಿರಾಟದ ತೊಂದರೆಗೆ ಇದೇ ಕಾರಣ ಅಂತ ಸಂಶೋಧಕರಾದ ಮೇರಿ ಎಲೆನ್ ಏವರಿ ಮತ್ತು ಜೆರೆ ಮೀಡ್ 1959ರಲ್ಲಿ ತೋರಿಸಿಕೊಟ್ಟರು. ಈಗ ಅದನ್ನು ನೇರ ಶ್ವಾಸಕೋಶಕ್ಕೆ ಕೊಡುವ ಚಿಕಿತ್ಸೆ ಇದೆ.

ಇದನ್ನು ಮಾಡಿಸುವ ಶಿಕ್ಷಕರಿಗೆ ಎರಡು ಮಾತು. ದಾರಿಗಳನ್ನು ಒಬ್ಬರು ಮಾತ್ರ ಹೋಗುವಷ್ಟು ಕಿರಿದಾಗಿ ಬರೆಯಿರಿ, ಇಲ್ಲದಿದ್ದರೆ ಒತ್ತಡದ ವಿಷಯ ಕಾಣುವುದಿಲ್ಲ. ಓಡಾಡಲು ಆಗದ ಅಥವಾ ಇಷ್ಟವಿಲ್ಲದ ಮಗುವಿಗೆ ಚಪ್ಪಾಳೆಯ ಕೆಲಸ ಕೊಡಿ, ಇಡೀ ಹೃದಯವನ್ನು ನಡೆಸುವ ಕೆಲಸ ಅದು.

ಕೊನೆಗೆ ನಾನು ಕೇಳುವ ಪ್ರಶ್ನೆ ಒಂದೇ. ಹುಟ್ಟಿದ ಮೇಲೂ ಆ ಡಕ್ಟಸ್ ಆರ್ಟೀರಿಯೋಸಸ್ ಕೊಳವೆ ಮುಚ್ಚಿಕೊಳ್ಳದಿದ್ದರೆ ರಕ್ತ ಯಾವ ಕಡೆಗೆ ಹರಿಯುತ್ತದೆ? ಪುಸ್ತಕ ನೋಡುವ ಹಾಗಿಲ್ಲ, ನೆಲದ ಮೇಲೆ ನಿಂತು ಹೇಳಬೇಕು. ಒಬ್ಬ ಹುಡುಗಿ ಮಹಾಪಧಮನಿಯಲ್ಲಿ ನಿಂತು ಎರಡೂ ಕಡೆ ನೋಡಿ, ‘ಈಗ ಇಲ್ಲಿ ಒತ್ತಡ ಜಾಸ್ತಿ. ಹಾಗಾಗಿ ಹಿಂದಕ್ಕೆ ಶ್ವಾಸಕೋಶಕ್ಕೇ ಹೋಗುತ್ತೆ. ಅಲ್ಲಿಂದ ಎಡಗಡೆಗೆ ಮತ್ತೆ ಜಾಸ್ತಿ ಬರುತ್ತೆ, ಎಡ ಹೃದಯಕ್ಕೆ ಸುಸ್ತಾಗುತ್ತೆ’ ಅಂದಳು. ವೈದ್ಯರು ಅಂಥ ಕೊಳವೆಯನ್ನು ಔಷಧಿಯಿಂದಲೋ, ರಕ್ತನಾಳದ ಮೂಲಕ ಪುಟ್ಟ ಸಾಧನ ಕಳಿಸಿಯೋ ಮುಚ್ಚುವುದು ಸರಿಯಾಗಿ ಅದೇ ಕಾರಣಕ್ಕೆ.