ಮೊಲದ ಫ್ರೈ ಮಾಡೋರು ಮೊದಲು ಎಣ್ಣೆ ಕಡೆ ನೋಡಿ

ಮೊಲದ ಮಾಂಸದಲ್ಲಿ ಕೊಬ್ಬು ತುಂಬಾ ಕಮ್ಮಿ, ಹಂಗಾಗಿ ಫ್ರೈ ಮಾಡಿದಾಗ ತಟ್ಟೆಗೆ ಬರೋ ಜಿಡ್ಡೆಲ್ಲ ಹೆಚ್ಚುಕಮ್ಮಿ ಬಾಣಲೆ ಎಣ್ಣೆದೇ, ಅದು ಮೊನ್ನೆ ಬೋಂಡ ಕರಿದು ಎತ್ತಿಟ್ಟ ಎಣ್ಣೆ ಆದ್ರೆ ಮಸಾಲೆ ಎಷ್ಟು ಚೆನ್ನಾಗಿ ಅರೆದ್ರೂ ಏನು ಬಂತು.

ಮಾಂಸಕ್ಕೆ ಫಾರಂ ಮೊಲನೇ ತಗೊಳ್ಳಿ. ಕಾಡುಮೊಲ ಹಿಡಿಯೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ, ಊರ ಕಡೆಯಿಂದ ಯಾರಾದ್ರೂ ಪ್ರೀತಿಯಿಂದ ತಂದುಕೊಟ್ರೂ ಬೇಡ. ಹಂಗಂತ ಮೊಲ ತಿನ್ನೋದು ನಮಗೆ ಹೊಸದೇನಲ್ಲ, 16ನೇ ಶತಮಾನದಲ್ಲಿ ವಿಜಯನಗರದ ಬಗ್ಗೆ ಬರೆದ ಪೋರ್ಚುಗೀಸ್ ನ್ಯೂನಿಜ್ ಅಲ್ಲಿನ ಅರಸರು ತಿಂತಿದ್ದ ಮಾಂಸಗಳಲ್ಲಿ ಕುರಿ, ಹಂದಿ, ಜಿಂಕೆ, ಕೌಜುಗದ ಜೊತೆ ಮೊಲನೂ ಸೇರಿಸಿದ್ದಾನೆ, ದನದ ಮಾಂಸ ಮಾತ್ರ ಇಲ್ಲ ಅಂತಾನೆ. ಬೇಟೆನಾಯಿಗಳನ್ನೇ ಮೊಲ ಅಟ್ಟಿಸ್ಕೊಂಡು ಬಂತು, ಆ ಗಂಡುಮೆಟ್ಟಿದ ಜಾಗದಲ್ಲಿ ಊರು ಕಟ್ಟಿದ್ರು ಅನ್ನೋ ಕತೆ ಇರೋದೂ ಅದೇ ವಿಜಯನಗರಕ್ಕೆ, ತಮಾಷೆ ನೋಡಿ! ಈಗ ಫಾರಂನಲ್ಲಿ ಸಾಕೋದು ಬೇರೆ ಜಾತಿ, ಅದರ ಮೂಲ ಸ್ಪೇನ್ ಪೋರ್ಚುಗಲ್ ಕಡೆ.

ಸರಿ, ಒಲೆ ಹತ್ರ ಬರೋಣ. ತುಂಡುಗಳಿಗೆ ಅರಿಶಿನ, ಶುಂಠಿ ಬೆಳ್ಳುಳ್ಳಿ ಹಾಕಿ ಕುಕ್ಕರ್‌ನಲ್ಲಿ ಮೊದಲೇ ಬೇಯಿಸ್ಕೊಳ್ಳಿ, ಆಗ ಎಣ್ಣೆಯಲ್ಲಿ ಬರೀ ಗರಿಗರಿ ಆದ್ರೆ ಸಾಕು, ಎಣ್ಣೆನೂ ಜಾಸ್ತಿ ಹೊತ್ತು ಕಾಯಲ್ಲ. ನೀರು ಚೆನ್ನಾಗಿ ಒರೆಸಿ, ನೀರಿದ್ರೆ ಸಿಡಿಯುತ್ತೆ, ಎಣ್ಣೆನೂ ಬೇಗ ಕೆಡುತ್ತೆ. ಎಣ್ಣೆ 170-180 ಡಿಗ್ರಿ ಇರ್ಲಿ, ಥರ್ಮಾಮೀಟರ್ ಇಲ್ದಿದ್ರೆ ಚೂರು ಹಿಟ್ಟು ಬಿಟ್ಟು ನೋಡಿ, ತಕ್ಷಣ ಮೇಲೆದ್ದು ಬಂದ್ರೆ ಸರಿ, ಹೊಗೆ ಬಂತು ಅಂದ್ರೆ ಮಿತಿ ಮೀರಿದೆ, ಉರಿ ಆರಿಸಿ. ಒಂದೇ ಸಲ ತುಂಬಬೇಡಿ. ಉಪ್ಪು ಕರಿದ ಮೇಲೆ ಉದುರಿಸೋದು ಒಳ್ಳೇದು.

ಮಿಕ್ಕಿದ ಎಣ್ಣೆನ ಆರಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ, ಯಾಕಂದ್ರೆ ತಳದಲ್ಲಿ ಕೂತ ಕರಕಲು ಮಸಾಲೆನೇ ಮುಂದಿನ ಸಲ ಸುಟ್ಟು ಎಣ್ಣೆ ಕೆಡಿಸೋದು. ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿ ಕತ್ತಲಲ್ಲಿಡಿ, ತಾಮ್ರ ಹಿತ್ತಾಳೆ ಪಾತ್ರೆ ಬೇಡ, ಅದರಲ್ಲಿ ಬೇಗ ಕಮಟು ವಾಸನೆ ಬರುತ್ತೆ. ಅದನ್ನ ಒಗ್ಗರಣೆಗೆ ಒಂದೆರಡು ದಿನದಲ್ಲಿ ಖಾಲಿ ಮಾಡಿ, ಹೊಸ ಎಣ್ಣೆ ಜೊತೆ ಬೆರೆಸಿ ಮತ್ತೆ ಕರಿಯೋದಂತೂ ಬೇಡ, ಹಾಗೆ ಬೆರೆಸಿದ್ರೆ ಹೊಸದೂ ಬೇಗ ಹಾಳಾಗುತ್ತೆ.

ಹೋಟೆಲ್‌ಗಳಿಗೆ ಎಫ್‌ಎಸ್‌ಎಸ್‌ಎಐ, ಅಂದ್ರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ ಇದೆ, ಕರಿದಷ್ಟೂ ಎಣ್ಣೆಯಲ್ಲಿ ಹೆಚ್ಚೋ ಪೋಲಾರ್ ಕಾಂಪೌಂಡ್ಸ್ 25% ದಾಟಿದ್ರೆ ಅದನ್ನ ಬಳಸೋ ಹಾಗಿಲ್ಲ. ಮನೇಲಿ ಅಳೆಯೋಕೆ ಮೀಟರ್ ಎಲ್ಲಿ, ಕಣ್ಣು ಮೂಗೇ ಗತಿ: ಕಪ್ಪಾಗಿ ಮಂದ ಆಗಿದ್ರೆ, ನೊರೆ ನಿಲ್ತಿದ್ರೆ, ಕಮಟಿದ್ರೆ ಬಿಡಿ. ಸಿಂಕ್‌ಗೆ ಸುರಿದ್ರೆ ಪೈಪ್ ಕಟ್ಕೊಳ್ಳುತ್ತೆ, ಹಳೇ ಬಾಟಲಿಗೆ ತುಂಬಿಡಿ, ಬಯೋಡೀಸೆಲ್‌ಗೆ ಕೊಂಡ್ಕೊಳ್ಳೋರು ಸಿಕ್ಕಿದ್ರೆ ಕೊಡಬಹುದು.