ಟೇಪಿನಡಿ ನುಸುಳಿದ ನೀಲಿ

60 ಸೆಂಟಿಮೀಟರ್ ಚೌಕದ ಕ್ಯಾನ್ವಾಸಿಗೆ ಮೂರು ಸಲ ಜೆಸ್ಸೊ (ಬಣ್ಣ ಹಿಡಿಯಲೆಂದು ಹಚ್ಚುವ ಬಿಳಿ ತಳಲೇಪ) ಬಳಿದು, ಪ್ರತಿ ಸಲವೂ ಒಣಗಿದ ಮೇಲೆ ಸ್ಯಾಂಡ್‌ಪೇಪರಿನಿಂದ ಉಜ್ಜಿ, ಪೆನ್ಸಿಲ್ ಗೆರೆಗಳನ್ನು ಎಳೆದುಕೊಳ್ಳುವ ಹೊತ್ತಿಗೆ ಇಡೀ ಚಿತ್ರ ನನ್ನ ಮನಸ್ಸಿನಲ್ಲಿ ನಿಶ್ಚಿತವಾಗಿತ್ತು: ತಿಳಿ ಬೂದು ಹಿನ್ನೆಲೆ, ಎಡಕ್ಕೊಂದು ದೊಡ್ಡ ನೀಲಿ ತ್ರಿಕೋನ, ಅದರ ಓರೆ ಅಂಚಿಗೆ ಒಂದೊಂದು ಮೂಲೆಯನ್ನು ತಾಗಿಸಿ ನಿಂತ ಎರಡು ಕಾವಿ ಆಯತಗಳು. ಆಯತಗಳನ್ನು ಮೊದಲೇ ಬಳಿದು ಮುಗಿಸಿದ್ದೆ.

ಬಣ್ಣ ಗೆರೆ ದಾಟದಂತೆ ಮಾಸ್ಕಿಂಗ್ ಟೇಪನ್ನು ಒತ್ತಿ ಅಂಟಿಸಿದ ಮೇಲೆ ಅದರ ಅಂಚಿಗೆ ಮೊದಲು ಹಿನ್ನೆಲೆಯ ಬಣ್ಣವನ್ನೇ ತೆಳುವಾಗಿ ಸವರುವುದು ನನ್ನ ರೂಢಿ. ಸಂದುಗಳಲ್ಲಿ ನುಸುಳುವುದು ಅದೇ ಬಣ್ಣವಾದ್ದರಿಂದ ಕಣ್ಣಿಗೆ ಕಾಣುವುದಿಲ್ಲ, ಸಂದುಗಳೂ ಮುಚ್ಚಿಹೋಗುತ್ತವೆ. ಆ ದಿನ ಅವಸರದಲ್ಲಿ ಇದನ್ನು ಬಿಟ್ಟೆ. ಸಾಲದ್ದಕ್ಕೆ ಅಕ್ರಿಲಿಕ್ ನೀಲಿಗೆ ನೀರನ್ನೂ ಹೆಚ್ಚಾಗಿ ಬೆರೆಸಿದ್ದೆ. ಟೇಪನ್ನು ಹಿಂದಕ್ಕೆ ಮಡಚಿ ನಿಧಾನವಾಗಿ ಎಳೆದಾಗ, ಓರೆ ಅಂಚಿನ ನಟ್ಟನಡುವೆ ಸುಮಾರು 8 ಸೆಂಟಿಮೀಟರ್ ಉದ್ದಕ್ಕೆ ನೀಲಿ ಬಣ್ಣ ಬಾಚಣಿಗೆಯ ಹಲ್ಲುಗಳಂತೆ ಬೂದಿನೊಳಕ್ಕೆ ಚಾಚಿಕೊಂಡಿತ್ತು.

ಒದ್ದೆ ಬಟ್ಟೆಯಿಂದ ಒರೆಸಲು ಹೋದದ್ದು ಅದಕ್ಕಿಂತ ದೊಡ್ಡ ತಪ್ಪು. ಅರೆ ಒಣಗಿದ್ದ ಅಕ್ರಿಲಿಕ್ ಸಿಪ್ಪೆಯಂತೆ ಸುರುಳಿಗಟ್ಟಿ, ಅಡಿಯ ಬೂದನ್ನೂ ಕಿತ್ತುಕೊಂಡು ಬಂದಿತು. ಮರುದಿನ ಎರಡು ಸಲ ಬೂದು ಬಳಿದರೂ ನೀಲಿ ಇಣುಕುತ್ತಲೇ ಇತ್ತು, ಏಕೆಂದರೆ ನಾನು ಬೂದಿಗೆ ಬೆರೆಸಿದ್ದು ಅಡಿಯ ಬಣ್ಣವನ್ನು ಪೂರ್ತಿ ಮರೆಮಾಡದ ಜಿಂಕ್ ವೈಟ್. ಟೈಟೇನಿಯಂ ವೈಟ್ ಬೆರೆಸಿ ಹೊಸ ಬೂದನ್ನು ಕಲಸುವ ಮೊದಲು ಕ್ಯಾನ್ವಾಸನ್ನು ಗೋಡೆಗೆ ಒರಗಿಸಿ ಬಹಳ ಹೊತ್ತು ನೋಡಿದೆ. ಕಲೆಯನ್ನು ಅಳಿಸುವುದಕ್ಕಿಂತ, ಆ ಹಲ್ಲುಗಳನ್ನು ನುಂಗುವಂತೆ ಇಡೀ ಓರೆ ಅಂಚಿನುದ್ದಕ್ಕೂ ಕಡುನೀಲಿಯ 1 ಸೆಂಟಿಮೀಟರ್ ಪಟ್ಟಿಯನ್ನು ಎಳೆಯುವುದೇ ಸರಿಯೆನಿಸಿತು.

ಪಟ್ಟಿ ಬಂದ ಕೂಡಲೇ ಚಪ್ಪಟೆಯಾಗಿದ್ದ ತ್ರಿಕೋನ ಮಡಚಿದ ಹಾಳೆಯಂತೆ ಮೇಲೆದ್ದಿತು, ನಾನು ಮುಟ್ಟದಿದ್ದ ಕಾವಿಯೂ ಹಿಂದಿಗಿಂತ ಪ್ರಖರವಾಯಿತು. 1950ರಿಂದ ‘ಹೋಮೇಜ್ ಟು ದಿ ಸ್ಕ್ವೇರ್’ ಸರಣಿಯಲ್ಲಿ ಒಂದರೊಳಗೊಂದು ಚೌಕಗಳನ್ನಿಟ್ಟು ಚಿತ್ರಕಾರ ಜೋಸೆಫ್ ಆಲ್ಬರ್ಸ್ ಪರೀಕ್ಷಿಸುತ್ತಿದ್ದುದು ನೆರೆಯ ಬಣ್ಣದ ಈ ಪ್ರಭಾವವನ್ನೇ. ಅದು ಎಷ್ಟು ಬಲವಾದದ್ದೆಂಬುದು ನನಗೆ ಮನದಟ್ಟಾದದ್ದು ಈ ಪಟ್ಟಿಯಿಂದ. ಕೆಳಗಿನ ಆಯತದ ಕಾವಿಗೆ ಚೂರು ಬೂದು ಬೆರೆಸಿ ತಣಿಸಿದೆ. ಪಟ್ಟಿಯಡಿ ಮೂಲೆ ಕಳೆದುಕೊಂಡಿದ್ದ ಮೇಲಿನದನ್ನು 2 ಸೆಂಟಿಮೀಟರ್ ಬಲಕ್ಕೆ ಸರಿಸಿ ಬಳಿದು, ಹಿನ್ನೆಲೆಯಷ್ಟನ್ನೂ ಹೊಸ ಬೂದಿನಿಂದ ಮುಚ್ಚಿದೆ. ಪಕ್ಕದಿಂದ ಬೆಳಕು ಬಿದ್ದಾಗ ಮೇಲಿನ ಆಯತದ ಹಳೆಯ ಅಂಚು ಕೂದಲೆಳೆಯಷ್ಟು ಉಬ್ಬಿ ಕಾಣುತ್ತದೆ. ಅದನ್ನು ಉಜ್ಜಿ ತೆಗೆಯದೆ ಹಾಗೆಯೇ ಉಳಿಸಿದ್ದೇನೆ.