ಲ್ಯಾಪ್‌ಟಾಪ್ ಪುಟಗಳ ತಿದ್ದುಪಡಿ ಪರಿಶೀಲನೆಯಲ್ಲಿ ‘ತೆಗೆದು ನೋಡಿ’ ನಿಯಮ: ನನ್ನ ಅನುಭವ

ಲಿನಕ್ಸ್ ದಾಖಲೆಗಳಲ್ಲಿ ಲ್ಯಾಪ್‌ಟಾಪ್ ಮಾದರಿಗಳಿಗೆಂದೇ ಇರುವ ಪುಟಗಳಿಗೆ ಬರುವ ತಿದ್ದುಪಡಿಗಳನ್ನು ಪರಿಶೀಲಿಸುವಾಗ ನಾನು ಪಟ್ಟು ಹಿಡಿದು ಜಾರಿಗೆ ತಂದದ್ದು ಒಂದೇ ನಿಯಮ. ಯಾವ ಕರ್ನಲ್ ಪ್ಯಾರಾಮೀಟರನ್ನು, ಅಂದರೆ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಬೂಟ್ ಸಮಯದಲ್ಲಿ ಕೊಡುವ ಸೂಚನೆಯ ಸಾಲನ್ನು, ಪುಟಕ್ಕೆ ಸೇರಿಸಬೇಕೆನ್ನುತ್ತೀರೋ ಅದನ್ನು ತೆಗೆದುಹಾಕಿ ಮತ್ತೆ ಬೂಟ್ ಮಾಡಿ, ತೊಂದರೆ ಮರಳಿ ಬಂದದ್ದನ್ನು ಲಾಗ್ (ಯಂತ್ರ ತಾನೇ ಬರೆದಿಡುವ ಸಂದೇಶಗಳ ದಾಖಲೆ) ಸಮೇತ ತೋರಿಸಬೇಕು; ಅಲ್ಲಿಯವರೆಗೆ ತಿದ್ದುಪಡಿಗೆ ಒಪ್ಪಿಗೆಯಿಲ್ಲ. ‘ಹೀಗೆ ಮಾಡಿದರೆ ಬರೆಯಲು ಯಾರೂ ಬರುವುದಿಲ್ಲ’ ಎಂದು ಜೊತೆಯ ಪರಿಶೀಲಕರು ಎಚ್ಚರಿಸಿದ್ದರು. ಮೊದಲ ಕೆಲವು ತಿಂಗಳು ತಿದ್ದುಪಡಿಗಳ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದದ್ದೂ ನಿಜ. ಆದರೆ ಬಂದವು ನಿಲ್ಲುವಂಥವಾದವು, ಹಿಂದೆ ಸರಿಸಬೇಕಾದವುಗಳ ಪ್ರಮಾಣ ಹತ್ತರಲ್ಲಿ ಮೂರು ನಾಲ್ಕರಿಂದ ಒಂದಕ್ಕಿಂತ ಕೆಳಕ್ಕೆ ಬಂದಿತು, ಮತ್ತು ಅಂದು ಎಚ್ಚರಿಸಿದವರೇ ಇಂದು ತಮ್ಮ ಪುಟಗಳಲ್ಲಿ ಇದೇ ನಿಯಮವನ್ನು ಪಾಲಿಸುತ್ತಿದ್ದಾರೆ.

ಇದಕ್ಕೆ ಮುನ್ನ ಬೇರೆ ವಿಧಾನಗಳೆಲ್ಲ ಸೋತಿದ್ದವು. ಮೊದಲು ಪ್ರಶ್ನಾವಳಿಯೊಂದನ್ನು ಮಾಡಿದೆವು: ಕರ್ನಲ್ ಆವೃತ್ತಿ ಯಾವುದು, ಬಯಾಸ್ (ಯಂತ್ರವನ್ನು ಮೊದಲು ಎಬ್ಬಿಸುವ ತಂತ್ರಾಂಶ) ಆವೃತ್ತಿ ಯಾವುದು, ಪರೀಕ್ಷಿಸಿದ್ದೀರಾ ಎಂಬಿತ್ಯಾದಿ. ಪರೀಕ್ಷೆಯ ಪ್ರಶ್ನೆಗೆ ಎಲ್ಲರೂ ‘ಹೌದು’ ಎಂದೇ ತುಂಬುತ್ತಿದ್ದರು. ‘ಹೌದು’ ಎಂದರೆ ಸಾಲನ್ನು ಸೇರಿಸಿದ ಮೇಲೆ ಯಂತ್ರ ಸರಿಯಾಗಿ ನಡೆಯಿತು ಎಂದಷ್ಟೇ ಅರ್ಥ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಇರುವ ಸಂಬಂಧಕ್ಕಿಂತ ಹೆಚ್ಚಿನದೇನೂ ಅದರಿಂದ ಸಾಬೀತಾಗುವುದಿಲ್ಲ. ಅದೇ ಸಂಜೆ ಅವರು ಎಫ್‌ಡಬ್ಲ್ಯೂಯುಪಿಡಿ ಎಂಬ ಉಪಕರಣದ ಮೂಲಕ ಫರ್ಮ್‌ವೇರನ್ನೂ (ಯಂತ್ರಾಂಶದೊಳಗೇ ಇರುವ ತಂತ್ರಾಂಶ) ನವೀಕರಿಸಿರುತ್ತಾರೆ, ಕರ್ನಲನ್ನೂ ಬದಲಿಸಿರುತ್ತಾರೆ, ಆದರೆ ಕೀರ್ತಿ ಮಾತ್ರ ಪ್ಯಾರಾಮೀಟರಿಗೆ ಸಲ್ಲುತ್ತದೆ.

ಎರಡನೆಯದು ನಾನೇ ಯಂತ್ರಗಳನ್ನು ಕೊಂಡು ಪರೀಕ್ಷಿಸುವ ವಿಧಾನ, ನನ್ನ ಹಣ ಹೋದದ್ದೂ ಇದರಲ್ಲಿಯೇ. ಹಳೆಯ ಲ್ಯಾಪ್‌ಟಾಪ್‌ಗಳನ್ನು ಒಂದೊಂದಾಗಿ ಕೊಳ್ಳುತ್ತ ಹೋದಂತೆ ಒಟ್ಟು ವೆಚ್ಚ ಒಳ್ಳೆಯದೊಂದು ಹೊಸ ಲ್ಯಾಪ್‌ಟಾಪ್‌ನ ಬೆಲೆಯನ್ನು ದಾಟಿತು, ಅದರಲ್ಲಿ ಸುಮಾರು ಮೂರನೇ ಒಂದು ಭಾಗ ಬ್ಯಾಟರಿಗಳಿಗೇ ಆಯಿತು. ಅಗ್ಗವೆಂದು ಪರದೆ ಒಡೆದವನ್ನು ತಂದರೆ ಬ್ಯಾಕ್‌ಲೈಟನ್ನಾಗಲಿ ಪ್ಯಾನೆಲ್ ಸೆಲ್ಫ್ ರಿಫ್ರೆಶ್ ಎಂಬ ಪರದೆಯ ವಿದ್ಯುತ್ ಉಳಿತಾಯ ವ್ಯವಸ್ಥೆಯ ಮಿನುಗನ್ನಾಗಲಿ ಪರೀಕ್ಷಿಸಲು ಬರುವುದಿಲ್ಲ, ಲ್ಯಾಪ್‌ಟಾಪ್ ಪುಟಗಳ ಜಗಳಗಳಲ್ಲಿ ದೊಡ್ಡ ಪಾಲು ಈ ಎರಡರದೇ. ಇಷ್ಟೆಲ್ಲ ಮಾಡಿದರೂ ಒಂದೇ ಮಾದರಿಯ ಹೆಸರಿನಡಿ ಬೇರೆ ಬೇರೆ ವೈಫೈ ಕಾರ್ಡ್, ಬೇರೆ ಎಸ್‌ಎಸ್‌ಡಿ, ಬೇರೆ ಪ್ಯಾನೆಲ್ ಇರುವುದರಿಂದ, ನನ್ನ ಯಂತ್ರದಲ್ಲಿ ಕಾಣದ ತೊಂದರೆ ಅವರ ಯಂತ್ರದಲ್ಲಿಯೂ ಇಲ್ಲವೆಂದು ಹೇಳುವ ಹಾಗಿರಲಿಲ್ಲ. ಹಾಗಾಗಿ ಪರೀಕ್ಷೆಯ ಹೊಣೆ ತಿದ್ದುಪಡಿ ತಂದವರ ಯಂತ್ರಕ್ಕೇ ಸೇರಬೇಕೆಂದು ತೀರ್ಮಾನಿಸಿದೆ.

ಈಗ ನಾನು ಕೇಳುವುದು ಮೂರನ್ನು ಮಾತ್ರ: ಪ್ಯಾರಾಮೀಟರ್ ಇಲ್ಲದೆ ಮಾಡಿದ ಬೂಟ್‌ನ ಲಾಗ್, ಇದ್ದಾಗಿನ ಲಾಗ್, ಮತ್ತು ಪಿಸಿಐ ಐಡಿಗಳೂ (ಒಳಗಿನ ಸಾಧನಗಳ ಗುರುತು ಸಂಖ್ಯೆಗಳು) ಬಯಾಸ್ ಆವೃತ್ತಿಯೂ ಇರುವ ಸಾಧನಗಳ ಪಟ್ಟಿ. ಎರಡೂ ಬೂಟ್‌ಗಳು ಒಂದೇ ಕರ್ನಲ್‌ನವಾಗಿರಬೇಕು. ಲಾಗ್ ಕೈಗೆ ಬಂದರೆ ಅರ್ಧ ತೀರ್ಪು ಅಲ್ಲಿಯೇ ಇರುತ್ತದೆ. ಇಂಟೆಲ್ ಗ್ರಾಫಿಕ್ಸ್ ಡ್ರೈವರಿನ ಆರ್‌ಸಿ6 ಎಂಬ ವಿದ್ಯುತ್ ಉಳಿತಾಯ ಸ್ಥಿತಿಯ ಆಯ್ಕೆಯನ್ನು ಕರ್ನಲ್ 4.16ರಲ್ಲಿಯೇ ತೆಗೆದುಹಾಕಲಾಗಿದ್ದರೂ ಅದನ್ನು ಸೇರಿಸಿದರೆ ಬ್ಯಾಟರಿ ಒಂದು ಗಂಟೆ ಹೆಚ್ಚು ಬಾಳುತ್ತದೆಂದು ಪ್ರತಿಜ್ಞೆ ಮಾಡುವವರು ಈಗಲೂ ಬರುತ್ತಾರೆ. ಅವರೇ ಕಳಿಸಿದ ಲಾಗ್‌ನಲ್ಲಿ ‘ಅಪರಿಚಿತ ಪ್ಯಾರಾಮೀಟರ್, ನಿರ್ಲಕ್ಷಿಸಲಾಗಿದೆ’ ಎಂಬ ಸಾಲು ಇರುತ್ತದೆ. ಇನ್ನು ಕೆಲವರು ಮಾಡ್ಯೂಲ್ (ಬೇಕಾದಾಗ ಕರ್ನಲ್‌ಗೆ ಸೇರುವ ಡ್ರೈವರ್ ತುಂಡು) ಆಯ್ಕೆಯನ್ನು ಮಾಡ್‌ಪ್ರೋಬ್ ಎಂಬ ಅದರ ಹೊಂದಿಕೆಯ ಕಡತದಲ್ಲಿ ಬರೆದು, ಆ ಮಾಡ್ಯೂಲ್ ಬೂಟ್‌ನ ಆರಂಭದಲ್ಲಿ ಬಳಸುವ ಇನಿಟ್‌ರಾಮ್‌ಎಫ್‌ಎಸ್ ಎಂಬ ಕಟ್ಟಿನಿಂದಲೇ ಲೋಡ್ ಆಗುತ್ತಿದ್ದರೂ ಆ ಕಟ್ಟನ್ನು ಮರಳಿ ಕಟ್ಟದೆ, ಜಾರಿಗೇ ಬಾರದ ಬದಲಾವಣೆಯನ್ನು ಮೆಚ್ಚಿಕೊಂಡಿರುತ್ತಾರೆ.

ತೆಗೆದು ನೋಡುವ ನಿಯಮ ಅತಿ ಹೆಚ್ಚು ಫಲ ಕೊಟ್ಟದ್ದು ಮಲಗಿದ ಯಂತ್ರವನ್ನು ಎಚ್ಚರಗೊಳಿಸುವ ಸಾಧನಗಳ ವಿಷಯದಲ್ಲಿ. ಮುಚ್ಚಿಟ್ಟ ಲ್ಯಾಪ್‌ಟಾಪ್ ಚೀಲದೊಳಗೆ ತಾನಾಗಿ ಎದ್ದು ಬಿಸಿಯಾಗುವ ತೊಂದರೆಗೆ, ಕರ್ನಲ್ ತನ್ನ ಸ್ಥಿತಿಯನ್ನು ತೋರಿಸುವ ಪ್ರಾಕ್ ಕಡತವ್ಯವಸ್ಥೆಯಲ್ಲಿ, ಎಬ್ಬಿಸಬಲ್ಲ ಸಾಧನಗಳ ಪಟ್ಟಿಯಿರುವ ಎಸಿಪಿಐ ವೇಕಪ್ ಕಡತಕ್ಕೆ ಯುಎಸ್‌ಬಿ ನಿಯಂತ್ರಕದ ಹೆಸರನ್ನು ಬರೆಯಿರಿ ಎಂಬ ಸಲಹೆ ಅನೇಕ ಪುಟಗಳಲ್ಲಿತ್ತು. ಆ ಕಡತಕ್ಕೆ ಹೆಸರು ಬರೆದರೆ ಸ್ಥಿತಿ ಅದಲುಬದಲಾಗುತ್ತದೆಯೇ ಹೊರತು ಆಫ್ ಆಗಿಯೇ ನಿಲ್ಲುತ್ತದೆಂಬ ಖಾತರಿಯಿಲ್ಲ. ಎರಡು ಬಾರಿ ಬರೆದರೆ ಮೊದಲಿನ ಸ್ಥಿತಿಗೇ ಮರಳುತ್ತದೆ. ಒಬ್ಬರು ಬೂಟ್ ಸಮಯದ ಸೇವೆಯಾಗಿ, ಇನ್ನೊಬ್ಬರು ಸಸ್ಪೆಂಡ್‌ಗೆ (ಯಂತ್ರವನ್ನು ಮಲಗಿಸುವುದಕ್ಕೆ) ಮುನ್ನ ಓಡುವ ಸ್ಕ್ರಿಪ್ಟ್ ಆಗಿ ಅದನ್ನು ಒಂದೇ ಪುಟದಲ್ಲಿ ಸೇರಿಸಿದ್ದರು, ಎರಡನ್ನೂ ಪಾಲಿಸಿದವನಿಗೆ ಒಂದು ಸಸ್ಪೆಂಡ್ ಬಿಟ್ಟು ಒಂದು ಸಸ್ಪೆಂಡ್‌ನಲ್ಲಿ ಮಾತ್ರ ನಿದ್ದೆ ನಿಲ್ಲುತ್ತಿತ್ತು. ಈಗ ಸಿಸ್‌ಎಫ್‌ಎಸ್ ಎಂಬ ಕರ್ನಲ್ ಕಡತವ್ಯವಸ್ಥೆಯಲ್ಲಿ ಆ ಸಾಧನಕ್ಕಿರುವ ಕೋಶದೊಳಗಿನ ವೇಕಪ್ ಕಡತಕ್ಕೆ ‘ನಿಷ್ಕ್ರಿಯ’ ಎಂಬ ಮೌಲ್ಯವನ್ನು ಬರೆಯುವ ಯುಡೆವ್ (ಸಾಧನ ಕಂಡಾಗ ತಾನಾಗಿ ಓಡುವ) ನಿಯಮವನ್ನಷ್ಟೇ ಒಪ್ಪುತ್ತೇನೆ, ಅದು ಎಷ್ಟು ಸಲ ಓಡಿದರೂ ಫಲ ಬದಲಾಗುವುದಿಲ್ಲ.

ಇದೇ ನೆಪದಲ್ಲಿ ಒಂದು ಪಕ್ಕದ ಪ್ರಯೋಗವನ್ನೂ ಮಾಡಿದೆ. ಯಂತ್ರ ಮಲಗುವ ಎರಡು ಬಗೆಗಳಲ್ಲಿ ಎಸ್2ಐಡಲ್ (ಕರ್ನಲ್ ನಡೆಸುವ ಹಗುರ ನಿದ್ದೆ) ಬ್ಯಾಟರಿ ತಿನ್ನುತ್ತದೆ, ಡೀಪ್ (ಫರ್ಮ್‌ವೇರ್ ನಡೆಸುವ ಗಾಢ ನಿದ್ದೆ) ತಿನ್ನುವುದಿಲ್ಲ ಎಂಬ ಮಾತು ಪ್ರತಿ ಪುಟದಲ್ಲಿಯೂ ಇತ್ತು. ಗೊತ್ತುಮಾಡಿದ ಹೊತ್ತಿಗೆ ಯಂತ್ರವನ್ನು ಎಬ್ಬಿಸುವ ಆರ್‌ಟಿಸಿವೇಕ್ ಬಳಸಿ ಯಂತ್ರಗಳನ್ನು ಇಡೀ ರಾತ್ರಿ ಮಲಗಿಸಿ, ಮಲಗುವ ಮುನ್ನ ಮತ್ತು ಎದ್ದ ಕೂಡಲೇ ಬ್ಯಾಟರಿಯಲ್ಲಿ ಉಳಿದ ಶಕ್ತಿಯನ್ನು ಓದಿಸಿಟ್ಟೆ. ಕೆಲವು ಬ್ಯಾಟರಿಗಳು ಶಕ್ತಿಯನ್ನು ಮೈಕ್ರೋವ್ಯಾಟ್-ಗಂಟೆಯಲ್ಲಿಯೂ ಕೆಲವು ಚಾರ್ಜನ್ನು ಮೈಕ್ರೋಆಂಪಿಯರ್-ಗಂಟೆಯಲ್ಲಿಯೂ ಹೇಳುವುದರಿಂದ, ಎರಡನೆಯ ಬಗೆಯವನ್ನು ವೋಲ್ಟೇಜಿನಿಂದ ಗುಣಿಸದೆ ಹೋಲಿಸುವಂತಿಲ್ಲ. ಡೀಪ್ ಇದ್ದ ಯಂತ್ರಗಳಲ್ಲಿ ರಾತ್ರಿಗೆ ಶೇ. 3ರಿಂದ 5ರಷ್ಟು ಇಳಿಯಿತು. ಎಸ್2ಐಡಲ್ ಯಂತ್ರಗಳಲ್ಲಿ ಎರಡು ಗುಂಪು ಕಂಡವು: ಆಳವಾದ ನಿಷ್ಕ್ರಿಯ ಸ್ಥಿತಿಯನ್ನು ಮುಟ್ಟಿದವು ಶೇ. 6ರ ಆಸುಪಾಸಿನಲ್ಲಿದ್ದರೆ, ಯಾವುದೋ ಒಂದು ಸಾಧನ ತಡೆದು ನಿಲ್ಲಿಸಿದವು ಬೆಳಗಾಗುವಷ್ಟರಲ್ಲಿ ಶೇ. 30ನ್ನೂ ದಾಟಿದ್ದವು. ಅಂದರೆ ಎಸ್2ಐಡಲ್‌ಅನ್ನೇ ದೂರುವ ಮೊದಲು, ಆ ಸ್ಥಿತಿಯಲ್ಲಿ ಯಂತ್ರ ಕಳೆದ ಸಮಯವನ್ನು ಡೀಬಗ್ ಕಡತದಿಂದ ಓದಿ ಹಾಕಬೇಕೆಂದು ಕೇಳುವುದು ಸರಿ. ಫರ್ಮ್‌ವೇರ್ ಡೀಪ್‌ಅನ್ನು ಕೊಡದ ಯಂತ್ರದಲ್ಲಿ ಬೂಟ್ ಸಾಲಿನಲ್ಲಿ ಡೀಪ್ ಎಂದು ಬರೆದರೆ ಏನೂ ಆಗುವುದಿಲ್ಲ ಎಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿ ಬರುತ್ತದೆ.

ಒಂದು ವರ್ಗಕ್ಕೆ ಮಾತ್ರ ಈ ನಿಯಮವನ್ನು ಅನ್ವಯಿಸುವುದಿಲ್ಲ. ಯುಇಎಫ್‌ಐ ಚರಾಂಶಗಳನ್ನೋ (ಬೂಟ್ ಮಾಡಿಸುವ ಫರ್ಮ್‌ವೇರ್ ಉಳಿಸಿಟ್ಟುಕೊಳ್ಳುವ ಹೊಂದಿಕೆಗಳು) ಬಯಾಸ್ ಚಿಪ್ಪನ್ನೋ ಮುಟ್ಟುವ ತಿದ್ದುಪಡಿಗಳಲ್ಲಿ ‘ತೆಗೆದು ಮತ್ತೆ ಮಾಡಿ’ ಎನ್ನುವುದು ಇನ್ನೊಬ್ಬರ ಯಂತ್ರದೊಡನೆ ಜೂಜಾಡಿದಂತೆ. ಯುಇಎಫ್‌ಐ ಚರಾಂಶಗಳನ್ನು ಅಳಿಸಿ ಕೆಲವು ಲ್ಯಾಪ್‌ಟಾಪ್‌ಗಳು ಸತ್ತ ಮೇಲೆ, 2016ರಲ್ಲಿ ಬಂದ ಕರ್ನಲ್ 4.5ರಿಂದ ಬಹುತೇಕ ಚರಾಂಶಗಳಿಗೆ, ಅವನ್ನು ಅಳಿಸದಂತೆ ತಡೆಯುವ ಗುರುತನ್ನು ಹಾಕಲಾಯಿತು. 2017ರ ಕೊನೆಯಲ್ಲಿ ಬಯಾಸ್ ಚಿಪ್ಪನ್ನು ಮುಟ್ಟುವ ಇಂಟೆಲ್ ಎಸ್‌ಪಿಐ ಡ್ರೈವರಿನಿಂದ ಕೆಲವು ಲ್ಯಾಪ್‌ಟಾಪ್‌ಗಳ ಬಯಾಸ್ ಹಾಳಾದಾಗ ಉಬುಂಟು 17.10ರ ಡೌನ್‌ಲೋಡನ್ನೇ ತಡೆಹಿಡಿಯಬೇಕಾಯಿತು. ಇಂಥವನ್ನು ನನ್ನ ಹಳೆಯ ಯಂತ್ರಗಳಲ್ಲಿಯೇ, ಚಿಪ್ಪಿಗೆ ಕ್ಲಿಪ್ ಹಾಕಿ ಮೊದಲೇ ಪ್ರತಿ ತೆಗೆದಿಟ್ಟುಕೊಂಡು ನೋಡುತ್ತೇನೆ. ಚಿಪ್ಪನ್ನು ಓದಿ ಬರೆಯುವ ಪ್ರೋಗ್ರಾಮರ್ ಸಾಧನ ಅಗ್ಗವಾದರೂ ಹೊಸ ಯಂತ್ರಗಳಲ್ಲಿ 1.8 ವೋಲ್ಟ್ ಚಿಪ್ಪುಗಳಿರುತ್ತವೆ, ಅವಕ್ಕೆ ಅಡಾಪ್ಟರ್ ಇಲ್ಲದೆ 3.3 ವೋಲ್ಟ್ ಹಾಯಿಸಿದರೆ ಉಳಿಸಹೊರಟದ್ದೇ ಸುಡುತ್ತದೆ. ಒಂದು ಬೋರ್ಡನ್ನು ಹೀಗೆ ಬದುಕಿಸಿಕೊಂಡಾಗ ಸಾಧನಕ್ಕೆ ಹಾಕಿದ ಹಣ ಹಲವು ಪಟ್ಟಾಗಿ ಮರಳಿತು.

ಇನ್ನೊಂದು ಪುಟದಿಂದ ಎತ್ತಿ ತಂದ, ಯಂತ್ರದಲ್ಲಿ ಎಂದೂ ಓಡಿಸದ ತಿದ್ದುಪಡಿಯನ್ನು ಮೊದಲ ಓದಿನಲ್ಲಿಯೇ ಗುರುತಿಸಲು ನನ್ನಲ್ಲೊಂದು ಉಪಾಯವಿದೆ. ಅದನ್ನು ಇಲ್ಲಿ ಬರೆದರೆ ನಾಳೆಯೇ ಕೆಲಸಕ್ಕೆ ಬಾರದಂತಾಗುತ್ತದೆ, ಆದ್ದರಿಂದ ಬರೆಯುವುದಿಲ್ಲ. ಹತ್ತರಲ್ಲಿ ಎಂಟು ಬಾರಿಯಾದರೂ ಅದು ಸರಿಯಾಗಿದೆ ಎಂದಷ್ಟು ಹೇಳಬಲ್ಲೆ.

ವಾರಕ್ಕೊಮ್ಮೆಯೋ ಹತ್ತು ದಿನಕ್ಕೊಮ್ಮೆಯೋ ಬರುವ ತೊಂದರೆಗಳಿಗೆ ಈ ವಿಧಾನ ಸಾಲದು, ಒಂದು ಬೂಟ್‌ನಲ್ಲಿ ತೊಂದರೆ ಕಾಣದಿದ್ದರೆ ಏನೂ ತೀರ್ಮಾನವಾಗುವುದಿಲ್ಲ. ಎನ್‌ವಿಎಂಇ ಎಸ್‌ಎಸ್‌ಡಿ ವಿದ್ಯುತ್ ಉಳಿತಾಯದ ಸ್ಥಿತಿಯಿಂದ ಏಳದೆ ಮಾಯವಾಗುವುದು ಇದಕ್ಕೆ ತಕ್ಕ ಉದಾಹರಣೆ. ಅಂಥ ಸಾಲುಗಳನ್ನು ಕರ್ನಲ್ ಆವೃತ್ತಿ, ಎಸ್‌ಎಸ್‌ಡಿಯ ಫರ್ಮ್‌ವೇರ್ ಆವೃತ್ತಿ ಮತ್ತು ದಿನಾಂಕದೊಂದಿಗೆ ‘ದೃಢಪಟ್ಟಿಲ್ಲ’ ಎಂಬ ಶೀರ್ಷಿಕೆಯಡಿ ಇಡುತ್ತೇನೆ, ಮತ್ತು ಮುಂದಿನ ಎರಡು ದೀರ್ಘಾವಧಿ ಬೆಂಬಲದ ಕರ್ನಲ್‌ಗಳು ಬರುವುದರೊಳಗೆ ಇನ್ನೊಬ್ಬರು ಅದನ್ನು ಖಚಿತಪಡಿಸದಿದ್ದರೆ ತೆಗೆದುಹಾಕುತ್ತೇನೆ. ಆ ಪಟ್ಟಿಯಲ್ಲಿ ಸದ್ಯ ಇಪ್ಪತ್ತರ ಆಸುಪಾಸಿನಲ್ಲಿ ಸಾಲುಗಳು ಉಳಿದಿವೆ.